‘ಮ್ಯೂಸಿಕ್ ಕಂಪ್ಲೀಟ್’ಗೆ ಅಷ್ಟೊಂದು ಹೊಗಳಿಕೆ ಬೇಕಿತ್ತಾ? (ನ್ಯೂ ಆರ್ಡರ್ ಅಭಿಮಾನಿಗಳು ಮಾತ್ರ ಬೈಯಿರಿ)

ಸೆಕೆಂಡ್‌ಹ್ಯಾಂಡ್_ಶಾಸ್ತ್ರಿ
ಹೋದ ಶನಿವಾರ ಹಳೇ ರೆಕಾರ್ಡ್ ಮಾರೋರೊಬ್ಬರ ಹತ್ರ ಮ್ಯಾಂಚೆಸ್ಟರ್ ಬ್ಯಾಂಡ್ ನ್ಯೂ ಆರ್ಡರ್‌ನ ‘ಮ್ಯೂಸಿಕ್ ಕಂಪ್ಲೀಟ್’ ಡಬಲ್ ಎಲ್‌ಪಿ ಸಿಕ್ತು. ಕವರ್‌ನ ಒಂದು ಮೂಲೆ ನೀರು ಕುಡಿದು ಉಬ್ಬಿದೆ, ಪ್ಲೇಟ್ ಮಾತ್ರ ಹೊಸದರ ಹಾಗಿದೆ. ಅಂದ್ರೆ ಮೊದಲಿನ ಯಜಮಾನ ಜಾಸ್ತಿ ಹಾಕಿ ಕೇಳಿಲ್ಲ. ನಂಗೆ ಅಲ್ಲೇ ಅನುಮಾನ ಶುರುವಾಗಿದ್ದು.

2015ರ ಸೆಪ್ಟೆಂಬರ್‌ನಲ್ಲಿ ಇದು ಬಂದಾಗ ಆದ ಗದ್ದಲ ನೆನಪಿದ್ಯಾ? ಹತ್ತು ವರ್ಷದ ಮೇಲೆ ಹೊಸ ಹಾಡು, ಕೀಬೋರ್ಡ್ ನುಡಿಸೋ ಗಿಲಿಯನ್ ಗಿಲ್ಬರ್ಟ್ ವಾಪಸ್, ಸಿಂತ್ (ಸಿಂಥಸೈಜರ್) ವಾಪಸ್, ಬ್ರಿಟನ್ ಚಾರ್ಟ್‌ನಲ್ಲಿ 2ನೇ ಸ್ಥಾನ. 1989ರ ‘ಟೆಕ್ನಿಕ್’ ಆದ್ಮೇಲೆ ಇವರು ಮಾಡಿದ್ದರಲ್ಲೇ ಒಳ್ಳೇದು ಅಂತ ಒಬ್ಬರ ಹಿಂದೊಬ್ಬರು ಬರೆದ್ರು. ನಾನೂ ಹೌದೌದು ಅಂದಿದ್ದೆ. ಈಗ ಲೈಟ್ ಆರಿಸ್ಕೊಂಡು ನಾಲ್ಕೂ ಸೈಡ್ ಕೇಳಿದೆ. ಮೊದಲ ಐದು ಹಾಡಿನ ಬಗ್ಗೆ ತಕರಾರಿಲ್ಲ. ಆಮೇಲೆ ‘ಸ್ಟ್ರೇ ಡಾಗ್’ನಲ್ಲಿ ಇಗ್ಗಿ ಪಾಪ್ ಬಂದು ಪ್ರವಚನ ಮಾಡ್ತಾನೆ. ಅಲ್ಲಿಂದ ಕೊನೇ ಹಾಡಿನವರೆಗೆ ನಾನು ಎರಡು ಸಲ ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದೆ.

ಇದು ನಿಜಕ್ಕೂ ಒಳ್ಳೇ ಆಲ್ಬಮ್ಮಾ, ಇಲ್ಲಾ ‘ಪಾಪ, ಈ ವಯಸ್ಸಲ್ಲೂ ಕುಣಿಸ್ತಾರಲ್ಲ’ ಅಂತ ಕೊಟ್ಟ ಗ್ರೇಸ್ ಮಾರ್ಕ್ಸಾ?

ನಾಲ್ಕನೇ_ತಂತಿ
ಬಾಸಿಸ್ಟ್ ಪೀಟರ್ ಹುಕ್ ಇಲ್ಲದ ನ್ಯೂ ಆರ್ಡರ್ ನ್ಯೂ ಆರ್ಡರೇ ಅಲ್ಲ. ಮುಗೀತು. ಥ್ರೆಡ್ ಮುಚ್ಚಿ.

ಮಾರಾಯ_ಮಿಕ್ಸ್
ಬಂದ್ರು ನೋಡಿ! ಮೊದಲ ಕಮೆಂಟಿಗೇ. ನಾನು ಐದನೇದಕ್ಕೆ ಬರ್ತಾರೆ ಅಂದ್ಕೊಂಡಿದ್ದೆ ಮಾರಾಯ್ರೆ.

ಪೇಡಾ_ಪಾಪ್
ಅವನ್ನ ದೋಸ್ತರು ‘ಹುಕಿ’ ಅಂತನ ಕರೀತಾರ. ಹುಕಿ ಬಂತು, ಹೊಂಟ ಹೋದ. ಅದಕ್ಯಾಕ ಇಷ್ಟ ವರ್ಷ ಅಳಕೋತ ಕೂಡೂದು?

ನಾಲ್ಕನೇ_ತಂತಿ
ಅಳ್ತಾ ಇಲ್ಲ ಸ್ವಾಮಿ, ಕಾರಣ ಹೇಳ್ತೀನಿ ಕೇಳಿ. ನಾನು ಕಾಲೇಜಿಂದ ಬಾಸ್ ನುಡಿಸ್ತಿದೀನಿ. ಬಾಸ್ ಅಂದ್ರೆ ಕೆಳಗೆ ಗುಂಯ್ ಅಂತಿರಬೇಕು, ಕೇಳೋನಿಗೆ ಇದೆ ಅನ್ನೋದೇ ಗೊತ್ತಾಗಬಾರದು ಅಂತ ನಮಗೆಲ್ಲ ಹೇಳ್ಕೊಟ್ಟಿದ್ದು. ನ್ಯೂ ಆರ್ಡರ್‌ಗೆ ಮೊದಲು ಇವರದ್ದೇ ಬ್ಯಾಂಡ್ ಆಗಿದ್ದ ಜಾಯ್ ಡಿವಿಷನ್ ಕಾಲದಲ್ಲಿ ಹುಕ್ ಹತ್ರ ಇದ್ದಿದ್ದು ಕಳಪೆ ಆಂಪ್, ಪಕ್ಕದಲ್ಲಿ ಬರ್ನಾರ್ಡ್ ಸಮ್ನರ್ ಗಿಟಾರ್ ಜೋರು. ಕೆಳಗಿನ ಸ್ವರ ತನಗೇ ಕೇಳಿಸ್ತಿರಲಿಲ್ಲ ಅಂತ ಆಸಾಮಿ ಮೇಲಿನ ಫ್ರೆಟ್‌ಗಳಿಗೆ ಹತ್ತಿದ. ಆಗ ಹಾಡ್ತಿದ್ದ ಇಯಾನ್ ಕರ್ಟಿಸ್‌ಗೆ ಅದು ಹಿಡಿಸ್ತು, ಅದನ್ನೇ ನುಡಿಸು ಅಂದ. ಬಡತನದಲ್ಲಿ ಹುಟ್ಟಿದ ಶೈಲಿ ಅದು. ಹಾಡೋನು ಬಾಯಿ ಮುಚ್ಚಿದ ತಕ್ಷಣ ಬಾಸ್ ಹಾಡೋಕೆ ಶುರು ಮಾಡುತ್ತೆ. ‘ಏಜ್ ಆಫ್ ಕನ್ಸೆಂಟ್’ ಬರೀ ಮೊದಲ ಹತ್ತು ಸೆಕೆಂಡ್ ಕೇಳಿ, ಬೇರೆ ಯಾರೂ ಅಲ್ಲ ಇದು ಅಂತ ಗೊತ್ತಾಗುತ್ತೆ.

ಈಗ ಇರೋ ಟಾಮ್ ಚಾಪ್‌ಮನ್ ಕೆಟ್ಟ ಬಾಸಿಸ್ಟ್ ಅಂತ ನಾನು ಹೇಳಲ್ಲ. ಅವನ ಪಾಡು ಕಷ್ಟ. ಹುಕ್ ಥರ ನುಡಿಸಿದ್ರೆ ನಕಲು ಅಂತಾರೆ, ನುಡಿಸದೇ ಇದ್ರೆ ಖಾಲಿ ಅಂತಾರೆ. ‘ಸಿಂಗ್ಯುಲಾರಿಟಿ’ ಶುರುವಲ್ಲಿ ಮೊದಲನೇದು, ‘ಪ್ಲಾಸ್ಟಿಕ್’ನಲ್ಲಿ ಎರಡನೇದು. ‘ಪ್ಲಾಸ್ಟಿಕ್’ನಲ್ಲಿ ಬಾಸ್ ಕೆಲಸ ಹೆಚ್ಚುಕಮ್ಮಿ ಎಲ್ಲಾ ಸೀಕ್ವೆನ್ಸರ್‌ಗೇ (ತುಂಬಿಸಿಟ್ಟ ಸ್ವರಗಳನ್ನ ತಾನೇ ನುಡಿಸೋ ಯಂತ್ರ) ಬಿಟ್ಟಿದಾರೆ.

ಮಾರಾಯ_ಮಿಕ್ಸ್
ನೀವು ಹೇಳುವುದು ಅರ್ಥ ಆಗ್ತದೆ. ನಮ್ಮಲ್ಲಿ ಮೇಳದಿಂದ ಒಬ್ಬ ಒಳ್ಳೆ ಚೆಂಡೆಯವರು ಬಿಟ್ಟು ಹೋದರೆ ಮರು ವರ್ಷ ಆಟ ನೋಡಲಿಕ್ಕೆ ಹೋದವರೆಲ್ಲ ಅದನ್ನೇ ಮಾತಾಡುದು. ವೇಷ ಅದೇ, ಪ್ರಸಂಗ ಅದೇ, ಭಾಗವತರೂ ಅವರೇ. ಆದರೆ ಯುದ್ಧದ ಪದ್ಯಕ್ಕೆ ಪೆಟ್ಟು ಬೀಳುವ ಜಾಗ ಬೇರೆ. ಹಾಗಂತ ಹೊಸಬರು ನುಡಿಸುವಾಗ ಇಡೀ ರಾತ್ರಿ ಹಳಬರನ್ನೇ ನೆನೆಸಿಕೊಂಡು ಕೂತರೆ ಆಟ ನೋಡಿದ ಹಾಗೆ ಆಗುದಿಲ್ಲ. ಟಿಕೆಟ್ ದುಡ್ಡು ದಂಡ.

ನನಗೆ ‘ಪ್ಲಾಸ್ಟಿಕ್’ ಇಷ್ಟ. ಕಾರಲ್ಲಿ ಶಿರಾಡಿ ಘಾಟಿ ಇಳಿಯುವಾಗ ಹಾಕಿ, ಆಮೇಲೆ ಮಾತಾಡುವ.

ಬರೇ_ಓದುವವ
ಶಿರಾಡಿಯಲ್ಲಿ ಹಾಡು ಕೇಳೋಕೆ ಆಗುತ್ತಾ? ಗುಂಡಿ ಎಣಿಸೋದ್ರಲ್ಲೇ ಮುಗಿಯುತ್ತೆ.

ಚಿಲಿಪಿಲಿ_ಸಿಂತ್
ಹುಕ್ ಹುಕ್ ಹುಕ್. ಎಲ್ಲಾ ಥ್ರೆಡ್‌ನಲ್ಲೂ ಇದೇ. ಒಬ್ರಾದ್ರೂ ಗಿಲಿಯನ್ ಬಗ್ಗೆ ಎರಡು ಸಾಲು ಬರೀತೀರಾ? ಶಾಸ್ತ್ರಿಗಳು ‘ವಾಪಸ್’ ಅಂತ ಒಂದು ಪದದಲ್ಲಿ ಮುಗಿಸಿದ್ರು.

ಸರಿ, ನಾನೇ ಬರೀತೀನಿ. ಆಕೆ 2001ರಲ್ಲಿ ಬ್ಯಾಂಡ್ ಬಿಟ್ಟಿದ್ದು ಮಗಳಿಗೆ ಹುಷಾರಿಲ್ಲ ಅಂತ. ಡ್ರಮ್ಮರ್ ಸ್ಟೀಫನ್ ಮಾರಿಸ್ ಆಕೆಯ ಗಂಡ. ಆಮೇಲೆ ಬಂದಿದ್ದು 2005ರ ‘ವೇಟಿಂಗ್ ಫಾರ್ ದ ಸೈರೆನ್ಸ್ ಕಾಲ್’. ಕೇಳಿ ನೋಡಿ, ಗಿಟಾರ್ ಮೇಲೆ ಗಿಟಾರ್. ಹುಕ್ ಇದ್ದ. ಪೂರ್ತಿ ಇದ್ದ. ಆದ್ರೂ ಅರ್ಧ ಆಲ್ಬಮ್ ಯಾವ ಬ್ಯಾಂಡ್‌ದು ಬೇಕಾದ್ರೂ ಆಗಿರಬಹುದಿತ್ತು. 2011ರಲ್ಲಿ ಆಕೆ ವಾಪಸ್ ಬಂದ್ರು, ಮುಂದಿನ ಆಲ್ಬಮ್‌ನಲ್ಲೇ ಕುಣಿಯೋ ಹಾಡು ವಾಪಸ್. ಕಾಕತಾಳೀಯ ಅಂತೀರಾ?

ಇವರ ಹಳೇ ಹಿಟ್ ‘ಬ್ಲೂ ಮಂಡೇ’ ಸೀಕ್ವೆನ್ಸ್ ಹೇಗೆ ಮಾಡಿದ್ದು ಗೊತ್ತಾ? ಸಮ್ನರ್ ಕಿಟ್ ತಂದು ಬೆಸುಗೆ ಹಾಕಿ ಕಟ್ಟಿದ ಪವರ್‌ಟ್ರಾನ್ ಸೀಕ್ವೆನ್ಸರ್. ಅದಕ್ಕೆ ಒಂದೊಂದೇ ಸ್ವರ ಕೈಯಲ್ಲಿ ತುಂಬಬೇಕು. ಗಿಲಿಯನ್ ಸ್ವೆಟರ್ ಹೆಣಿಯೋ ಪ್ಯಾಟರ್ನ್ ಥರ ಹಾಳೆಗೆ ಹಾಳೆ ಅಂಟಿಸಿ ಉದ್ದಕ್ಕೆ ಬರ್ಕೊಂಡು, ನೋಡ್ಕೊಂಡು ತುಂಬಿದ್ರು. ಮಧ್ಯದಲ್ಲಿ ಎಲ್ಲೋ ಒಂದು ಸ್ವರ ಬಿಟ್ಟುಹೋಯ್ತು. ಅದಕ್ಕೇ ಆ ಸಿಂತ್ ರಾಗ ಡ್ರಮ್ ಜೊತೆ ಒಂಚೂರು ಸೊಟ್ಟಕ್ಕೆ ಹೋಗುತ್ತೆ. ಆ ಸೊಟ್ಟಕ್ಕೇ ನಾವೆಲ್ಲ ಮರುಳಾಗಿದ್ದು. ನನ್ನ ಮನೇಲಿ ಒಂದು ಸಣ್ಣ ಸಿಂತ್ ಇದೆ, ಒಂದು ಭಾನುವಾರ ಪೂರ್ತಿ ಕೂತು ಆ ಸೊಟ್ಟು ತರೋಕೆ ನೋಡಿದೆ. ಬರಲ್ಲ. ಬೇಕಂತ ತಪ್ಪು ಮಾಡೋದು ಬಹಳ ಕಷ್ಟ.

ನಾಲ್ಕನೇ_ತಂತಿ
ಸೈರೆನ್ಸ್ ಬಗ್ಗೆ ಒಪ್ತೀನಿ. ಅದು ಸಪ್ಪೆ. ಆದ್ರೆ ಅದರಿಂದ ‘ಮ್ಯೂಸಿಕ್ ಕಂಪ್ಲೀಟ್’ ಒಳ್ಳೇದಾಗಲ್ಲ. ಪಕ್ಕದ ಮನೆ ಸಾರು ಸಪ್ಪೆ ಅಂತ ನಮ್ಮನೆ ಸಾರಿಗೆ ರುಚಿ ಬರುತ್ತಾ?

ಚಿಲಿಪಿಲಿ_ಸಿಂತ್
ಸಾರಿಗೆ ಒಗ್ಗರಣೆ ಹಾಕೋರು ಯಾರು ಅನ್ನೋದೇ ನನ್ನ ಪ್ರಶ್ನೆ.

ಪೇಡಾ_ಪಾಪ್
ಹಾಂ! ಈಗ ಬಂತ ನೋಡ್ರಿ ಖರೇ ಮಾತ.

ಕ್ಯಾಸೆಟ್_ಕಾಕಾ
ನೀವೆಲ್ಲ ಮಕ್ಕಳು. ನ್ಯೂ ಆರ್ಡರ್‌ನ ‘ಸಬ್‌ಸ್ಟನ್ಸ್’ 1987ರಲ್ಲಿ ಬಂತು. ಹಾಸ್ಟೆಲ್‌ನಲ್ಲಿ ಒಬ್ಬನ ಅಣ್ಣ ಅಬುಧಾಬಿಯಿಂದ ತಂದಿದ್ದ ಕ್ಯಾಸೆಟ್, ಅದರಿಂದ ನಾವು ಹದಿನೈದು ಜನ ಕಾಪಿ ಮಾಡ್ಕೊಂಡಿದ್ವಿ. ನನ್ನದು ಏಳನೇ ಕಾಪಿ ಇರಬೇಕು, ಹಾಡಿಗಿಂತ ಸುಯ್ ಶಬ್ದವೇ ಜಾಸ್ತಿ. ಅದೇ ವರ್ಷ ‘ಪ್ರೇಮಲೋಕ’ ಕ್ಯಾಸೆಟ್ಟೂ ಬಂದಿತ್ತು. ಎರಡೂ ಒಂದೇ ಟೇಪ್‌ರೆಕಾರ್ಡರ್‌ನಲ್ಲಿ ಒಂದಾದ ಮೇಲೊಂದು. ಹಂಸಲೇಖ ಅವರ ಸಿಂತ್ ಕೇಳಿದ ಕಿವಿಗೆ ಮ್ಯಾಂಚೆಸ್ಟರ್ ಸಿಂತ್ ಏನೂ ಪರಕೀಯ ಅನ್ನಿಸಲಿಲ್ಲ. ರೂಮಿನಲ್ಲಿ ಎರಡಕ್ಕೂ ಒಂದೇ ಸ್ಟೆಪ್ ಹಾಕ್ತಿದ್ವಿ.

ಹೊಸ ಆಲ್ಬಮ್ ಒಂದೇ ಸಲ ಕೇಳಿದೆ. ಚೊಕ್ಕವಾಗಿದೆ. ಏಳನೇ ಕಾಪಿ ಮಾಡಿ ಕೇಳಿದ್ರೆ ಇಷ್ಟ ಆಗ್ತಿತ್ತೇನೋ.

ಬರೇ_ಓದುವವ
ಕಾಕಾ, 2015ರ ಆಲ್ಬಮ್ಮನ್ನ ಇನ್ನೂ ‘ಹೊಸ’ ಅಂತಿದೀರಿ :)

ಕ್ಯಾಸೆಟ್_ಕಾಕಾ
1993 ಆದ್ಮೇಲೆ ಬಂದಿದ್ದೆಲ್ಲಾ ನಂಗೆ ಹೊಸದೇ.

ಸಾಲ್ಫರ್ಡ್_ಸೋನೆ
ಮ್ಯಾಂಚೆಸ್ಟರ್‌ನಿಂದ ಹಾಜರಿ. ಇಲ್ಲಿಗೆ ಬಂದು ಒಂಬತ್ತು ವರ್ಷ. ಹಸೀಂಡಾ ಕ್ಲಬ್ ಇದ್ದ ಜಾಗದ ಮುಂದೆಯೇ ದಿನಾ ಆಫೀಸಿಗೆ ನಡ್ಕೊಂಡು ಹೋಗ್ತೀನಿ. 1982ರಲ್ಲಿ ಶುರುವಾಗಿ 1997ರಲ್ಲಿ ಮುಚ್ಚಿತಲ್ಲ, ಬಹಳ ವರ್ಷ ಆ ಕ್ಲಬ್ ನಡೆದಿದ್ದೇ ನ್ಯೂ ಆರ್ಡರ್ ರೆಕಾರ್ಡಿನ ದುಡ್ಡಲ್ಲಿ. ಕಟ್ಟಡ ಕೆಡವಿ ಅದೇ ಹೆಸರಲ್ಲಿ ಫ್ಲಾಟ್ ಕಟ್ಟಿದಾರೆ. ಹಿಂದುಗಡೆ ರೋಚ್‌ಡೇಲ್ ಕಾಲುವೆ ಪಕ್ಕದ ಗೋಡೆ ಮೇಲೆ ಯಾವ ವರ್ಷ ಯಾರು ಬಂದಿದ್ರು ಅಂತ ಸಾಲಾಗಿ ಕೊರೆದಿದಾರೆ, ನಮ್ಮ ಕಡೆ ದೇವಸ್ಥಾನದಲ್ಲಿ ದಾನಿಗಳ ಹೆಸರು ಕೆತ್ತಿಸಿರ್ತಾರಲ್ಲ ಹಾಗೆ. ಮಳೆ ಬಂದಾಗ ಬಾತುಕೋಳಿಗಳು ಅದರ ಕೆಳಗೆ ನಿಂತಿರ್ತವೆ. ಊರಿಂದ ಬಂದ ಅಪ್ಪನಿಗೆ ತೋರಿಸಿದೆ. “ಕುಣಿಯೋ ಜಾಗಕ್ಕೆ ಇಷ್ಟು ಮರ್ಯಾದೆನಾ?” ಅಂದ್ರು.

ವಿಷಯಕ್ಕೆ ಬರ್ತೀನಿ. 2021ರಲ್ಲಿ ಹೀಟನ್ ಪಾರ್ಕ್ ಶೋಗೆ ಹೋಗಿದ್ದೆ. ಕೋವಿಡ್ ಆದ್ಮೇಲೆ ಮೊದಲ ದೊಡ್ಡ ಜನಸಂದಣಿ ನಂಗೆ. ವಾಪಸ್ ಬಂದ ಬ್ಯಾಂಡ್‌ಗಳ ಆಲ್ಬಮ್‌ಗೆ ನನ್ನದೊಂದೇ ಪರೀಕ್ಷೆ: ಹೊಸ ಹಾಡು ಶುರುವಾದಾಗ ಎಷ್ಟು ಜನ ಬಿಯರ್ ತರೋಕೆ ಹೋಗ್ತಾರೆ. ‘ಪ್ಲಾಸ್ಟಿಕ್’ ಶುರುವಾದಾಗ ನನ್ನ ಮುಂದೆ ಇದ್ದ ಅರವತ್ತು ದಾಟಿದ ದಂಪತಿ ಕೋಟು ಬಿಚ್ಚಿ ಹುಲ್ಲಿನ ಮೇಲೆ ಹಾಕಿ ಕುಣಿದ್ರು. ಕ್ಯೂ ಕಡೆ ಯಾರೂ ಹೋಗ್ಲಿಲ್ಲ. ನಂಗೆ ಅಷ್ಟು ಸಾಕು.

ನಾಲ್ಕನೇ_ತಂತಿ
ಮ್ಯಾಂಚೆಸ್ಟರ್‌ನೋರು ಅಲ್ವಾ, ಅವರು ಸೌಂಡ್‌ಚೆಕ್‌ಗೂ ಕುಣೀತಾರೆ. ಅದಿರಲಿ, ಹುಕ್‌ನ ಒದ್ದು ಹೊರಗೆ ಹಾಕಿ ಅವನ ಹೆಸರಲ್ಲೇ ದುಡ್ಡು ಮಾಡಿದ್ರಲ್ಲ, ಅದರ ಬಗ್ಗೆ ಏನಂತೀರಾ?

ಸಾಲ್ಫರ್ಡ್_ಸೋನೆ
ತಪ್ಪು. ಯಾರೂ ಒದ್ದಿಲ್ಲ. 2007ರಲ್ಲಿ ಹೋಗಿದ್ದು ಅವನೇ, ಬ್ಯಾಂಡ್ ಮುಗೀತು ಅಂತ ಲೋಕಕ್ಕೆಲ್ಲ ಹೇಳಿದ್ದೂ ಅವನೇ. 2011ರಲ್ಲಿ ಉಳಿದವರು ಅದೇ ಹೆಸರಲ್ಲಿ ಬ್ರಸೆಲ್ಸ್, ಪ್ಯಾರಿಸ್‌ನಲ್ಲಿ ಸಹಾಯಾರ್ಥ ಶೋ ಮಾಡಿದ್ರು, ಅಲ್ಲಿಂದ ಜಗಳ ಶುರು. ಆಲ್ಬಮ್ ಬಂದು ಎರಡು ತಿಂಗಳಿಗೆ, 2015ರ ನವೆಂಬರ್‌ನಲ್ಲಿ, ಬ್ಯಾಂಡ್ ಹೆಸರಿಂದ ಬರೋ ದುಡ್ಡಲ್ಲಿ ತನಗೆ ಸಿಗ್ತಿರೋ ಪಾಲು ಬಹಳ ಕಮ್ಮಿ ಅಂತ ಹುಕ್ ಕೋರ್ಟಿಗೆ ಹೋದ. 2017ರ ಸೆಪ್ಟೆಂಬರ್‌ನಲ್ಲಿ ರಾಜಿ ಆಯ್ತು. ಪಾಲಿನ ಬಗ್ಗೆ ಅವನ ಸಿಟ್ಟು ನ್ಯಾಯವೇ ಇರಬಹುದು. ಆದ್ರೆ ಅದು ವಕೀಲರ ವಿಷಯ, ಹಾಡಿಂದಲ್ಲ.

ನಾಲ್ಕನೇ_ತಂತಿ
ಸರಿ, ‘ಒದ್ದು’ ಅನ್ನೋದು ವಾಪಸ್ ತಗೊಂಡೆ. ಉಳಿದಿದ್ದು ಹಾಗೇ ಇರಲಿ.

ಪೇಡಾ_ಪಾಪ್
ಅಣ್ಣ ತಮ್ಮ ಹೊಲ ಪಾಲ ಮಾಡ್ಕೊಂಡಂಗ ಆತು. ನಡು ಇರೋ ಬಾವಿ ಯಾರ್ದು ಅಂತ ಕೋರ್ಟಿಗೆ ಹೋಗ್ತಾರಲ್ಲ, ಆ ಬಾವಿನ ‘ಬ್ಲೂ ಮಂಡೇ’.

ಸೆಕೆಂಡ್‌ಹ್ಯಾಂಡ್_ಶಾಸ್ತ್ರಿ
ಎಲ್ಲ ಹುಕ್ ಕಡೆಗೇ ಹೋಯ್ತು. ನನ್ನ ತಕರಾರು ಬೇರೆ. ಅತಿಥಿಗಳು ಯಾಕೆ ಇಷ್ಟೊಂದು? ಹಾಡೋಕೆ ಎಲಿ ಜ್ಯಾಕ್ಸನ್, ಇಗ್ಗಿ ಪಾಪ್, ‘ದ ಕಿಲ್ಲರ್ಸ್’ ಬ್ಯಾಂಡ್‌ನ ಬ್ರ್ಯಾಂಡನ್ ಫ್ಲವರ್ಸ್. ಇವರ ಜೊತೆ ಕೆಮಿಕಲ್ ಬ್ರದರ್ಸ್‌ನ ಟಾಮ್ ರೋಲ್ಯಾಂಡ್ಸ್ ಎರಡು ಹಾಡಿಗೆ ನಿರ್ಮಾಪಕ. ತಮ್ಮ ಮೇಲೆ ನಂಬಿಕೆ ಇರೋರು ಮನೆ ತುಂಬ ನೆಂಟರನ್ನ ಕರೀತಾರಾ? ಕೊನೇ ಹಾಡು ‘ಸೂಪರ್‌ಹೀಟೆಡ್’ ಅಂತೂ ಫ್ಲವರ್ಸ್ ಹಾಡಿಗೆ ಇವರು ಅತಿಥಿಗಳಾಗಿ ಬಂದ ಹಾಗಿದೆ.

ಮಾರಾಯ_ಮಿಕ್ಸ್
ಫ್ಲವರ್ಸ್ ನೆಂಟ ಅಲ್ಲ, ಮನೆಯವನೇ! ‘ದ ಕಿಲ್ಲರ್ಸ್’ ಅನ್ನುವ ಹೆಸರು ಬಂದದ್ದು ಎಲ್ಲಿಂದ? ನ್ಯೂ ಆರ್ಡರ್‌ನ 2001ರ ‘ಕ್ರಿಸ್ಟಲ್’ ವಿಡಿಯೊದಲ್ಲಿ ಹುಡುಗರ ಒಂದು ಸುಳ್ಳು ಬ್ಯಾಂಡ್ ಉಂಟು, ಅದರ ಡ್ರಮ್ ಮೇಲೆ ಬರೆದ ಹೆಸರು ಅದು. ಇವನು ಅದನ್ನು ನೋಡಿ ನಿಜದ ಬ್ಯಾಂಡಿಗೆ ಇಟ್ಟ. ಹೆಸರು ಇಟ್ಟವರ ಮನೆಗೆ ಹದಿನಾಲ್ಕು ವರ್ಷ ಬಿಟ್ಟು ಊಟಕ್ಕೆ ಬಂದಿದ್ದಾನೆ ಅಷ್ಟೆ.

ಸೆಕೆಂಡ್‌ಹ್ಯಾಂಡ್_ಶಾಸ್ತ್ರಿ
ಅದು ಗೊತ್ತಿರಲಿಲ್ಲ. ಆದ್ರೂ ಬಡಿಸಿದ್ದನ್ನೆಲ್ಲ ಅವನೇ ಉಂಡ.

ಚಿಲಿಪಿಲಿ_ಸಿಂತ್
‘ಸೂಪರ್‌ಹೀಟೆಡ್’ ವಿಷಯದಲ್ಲಿ ಶಾಸ್ತ್ರಿಗಳ ಪರ. ಎಲಿ ಜ್ಯಾಕ್ಸನ್ ವಿಷಯದಲ್ಲಿ ಖಂಡಿತ ಇಲ್ಲ. ‘ಟುಟ್ಟಿ ಫ್ರುಟ್ಟಿ’ ಕೇಳಿ, ಆ ದಪ್ಪ ದನಿ ಇಟಾಲಿಯನ್‌ನಲ್ಲಿ ಏನೋ ಗೊಣಗುತ್ತೆ, ಆಮೇಲೆ ಎಲಿ ಮೇಲಿಂದ ಇಳೀತಾಳೆ. ಸಮ್ನರ್‌ಗೆ ಮೊದಲಿಂದಲೂ ದೊಡ್ಡ ದನಿ ಇಲ್ಲ, ಅವನೇನು ಹಾಡುಗಾರ ಆಗಬೇಕು ಅಂತ ಬಂದೋನಲ್ಲ. ಇಯಾನ್ ತೀರ್ಕೊಂಡಾಗ ಯಾರಾದ್ರೂ ಹಾಡಲೇಬೇಕಿತ್ತು. ಆ ಸಣ್ಣ, ಸಂಕೋಚದ ದನಿ ಪಕ್ಕ ಆಕೆ ದನಿ ಬಂದ ತಕ್ಷಣ ಎರಡಕ್ಕೂ ಬೆಳಕು ಬರುತ್ತೆ. ‘ಪೀಪಲ್ ಆನ್ ದ ಹೈ ಲೈನ್’ನಲ್ಲೂ ಹಾಗೇ. ಅಲ್ಲಿ ಗಿಟಾರ್ ಕೂಡ ಕೆರೆಯೋ ಥರ ನುಡಿಸಿದಾರೆ, ಸೊಂಟ ತಾನಾಗೇ ಅಲ್ಲಾಡುತ್ತೆ.

ಪೇಡಾ_ಪಾಪ್
‘ಟುಟ್ಟಿ ಫ್ರುಟ್ಟಿ’ ಹಚ್ಚಿದ್ದೆ, ನಮ್ಮವ್ವ ಅಡಗಿ ಮನ್ಯಾಗಿಂದ “ಐಸ್‌ಕ್ರೀಂ ತಂದೀ ಏನ?” ಅಂದ್ಲು. ಇಲ್ಲಬೇ, ಹಾಡು ಅಂದೆ. ಮತ್ತ ಹತ್ತ ನಿಮಿಷ ಬಿಟ್ಟು ಬಂದು “ಖರೇ ತಂದಿಲ್ಲೇನ?” ಅಂತ ಫ್ರಿಜ್ ತಗದ ನೋಡಿದ್ಲು.

ಬರೇ_ಓದುವವ
ಈ ಥ್ರೆಡ್‌ನ ಬೆಸ್ಟ್ ಕಮೆಂಟ್.

ಡ್ರಮ್_ಬಡಿಗ
ತಡವಾಗಿ ಬಂದೆ. ಕುಣಿಯೋ ಹಾಡು, ಸಿಂತ್ ಅಂತೆಲ್ಲ ಮಾತಾಡ್ತಿದೀರಲ್ಲ, ಚರಣ್‌ಜೀತ್ ಸಿಂಗ್ ಹೆಸರು ಯಾರೂ ಎತ್ತಲಿಲ್ಲ? ಮುಂಬೈಯಲ್ಲಿ 1982ರಲ್ಲೇ ಡಿಸ್ಕೊ ಬೀಟ್ ಮೇಲೆ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದಾರೆ. ರೋಲ್ಯಾಂಡ್ ಕಂಪನಿಯ 303 ಬಾಸ್ ಯಂತ್ರ, 808 ಡ್ರಮ್ ಯಂತ್ರ ಎಲ್ಲ ಬಳಸಿ. ‘ಬ್ಲೂ ಮಂಡೇ’ ಬಂದಿದ್ದು 1983ರ ಮಾರ್ಚ್‌ನಲ್ಲಿ. ಲೆಕ್ಕ ಹಾಕ್ಕೊಳ್ಳಿ.

ನಾಲ್ಕನೇ_ತಂತಿ
ಲೆಕ್ಕ ಹಾಕಿ ಏನು ಮಾಡೋಣ? ಮ್ಯಾಂಚೆಸ್ಟರ್‌ನೋರು ಅದನ್ನ ಕದ್ದರು ಅಂತಾನಾ?

ಡ್ರಮ್_ಬಡಿಗ
ಕದ್ದರು ಅಂತ ಎಲ್ಲಿ ಹೇಳ್ದೆ? ಅವರಿಗೆ ಆ ರೆಕಾರ್ಡ್ ಇರೋದೇ ಗೊತ್ತಿರಲಿಲ್ಲ, ನಮಗೇ ಗೊತ್ತಿರಲಿಲ್ಲ. ಬಹಳ ವರ್ಷ ಯಾರೂ ಮೂಸಿ ನೋಡ್ಲಿಲ್ಲ ಅದನ್ನ. ಆ ಭೈರವ್ ಕೇಳಿ, ತಲೆ ಕೆಡುತ್ತೆ ಅಂದೆ ಅಷ್ಟೇ.

ನಿರ್ವಾಹಕ
ಚರಣ್‌ಜೀತ್ ಸಿಂಗ್‌ಗೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಹೋಗಿ. ಇಲ್ಲಿ ನ್ಯೂ ಆರ್ಡರ್.

ಮಾರಾಯ_ಮಿಕ್ಸ್
ನ್ಯೂ ಆರ್ಡರ್: ಎರಡು ನೀರುದೋಸೆ, ಒಂದು ಬನ್ಸ್.

ನಿರ್ವಾಹಕ
ನೀವೂ ಹೊರಗೆ.

ಸಾಲ್ಫರ್ಡ್_ಸೋನೆ
ಶಾಸ್ತ್ರಿಗಳೇ, ನಿಮ್ಮ ಮೂಲ ಪ್ರಶ್ನೆಗೆ ಇನ್ನೊಂದು ಮಾತು. ಆಲ್ಬಮ್ ಒಂದು ಗಂಟೆ ದಾಟುತ್ತೆ, 11 ಹಾಡು. ‘ಟೆಕ್ನಿಕ್’ನಲ್ಲಿ 9 ಹಾಡು, ನಲವತ್ತು ನಿಮಿಷ ಆಗೋದ್ರೊಳಗೆ ಮುಗೀತು. ಹಿಂದೆ ಎಲ್‌ಪಿಯ ಎರಡು ಸೈಡ್‌ನಲ್ಲಿ ಹಿಡಿಸಬೇಕಿತ್ತು, ಹಿಡಿಸದಿದ್ದನ್ನ ಬಿಡ್ತಿದ್ರು. ಈಗ ಬಿಡೋರಿಲ್ಲ. ಅಷ್ಟೇ ಅಲ್ಲ, 2016ರಲ್ಲಿ ಇದೇ ಹಾಡುಗಳನ್ನ ಇನ್ನೂ ಎಳೆದು ‘ಕಂಪ್ಲೀಟ್ ಮ್ಯೂಸಿಕ್’ ಅಂತ ಹೆಸರು ತಿರುಗಿಸಿ ಬಿಟ್ರು. ನಂಗೆ ಆಲ್ಬಮ್ ಇಷ್ಟ, ಆದ್ರೂ ‘ದ ಗೇಮ್’ ಮತ್ತು ‘ಸೂಪರ್‌ಹೀಟೆಡ್’ ತೆಗೆದಿದ್ರೆ ಈ ಥ್ರೆಡ್ಡೇ ಇರ್ತಿರಲಿಲ್ಲ.

ನಿಮಗೆ ಒಂದು ಸಲಹೆ. ಮೂರನೇ ಸೈಡಿಂದ ಶುರು ಮಾಡಿ ಕೇಳಿ. ಮೊದಲ ಐದು ಹಾಡು ಕುಣಿಸಿ ಸುಸ್ತು ಮಾಡುತ್ತೆ, ಆಮೇಲೆ ಬರೋದಕ್ಕೆ ಕಿವಿ ಇರಲ್ಲ. ಹೊಟ್ಟೆ ತುಂಬಿದ ಮೇಲೆ ಪಾಯಸ ಬಡಿಸಿದ ಹಾಗೆ.

ನಾಲ್ಕನೇ_ತಂತಿ
ಅವರು ಬೇಕಂತಲೇ ಇಟ್ಟ ಕ್ರಮವನ್ನ ನಾವು ಬದಲಾಯಿಸಿ ಕೇಳಬೇಕು ಅಂದ್ರೆ, ಆಲ್ಬಮ್‌ನಲ್ಲೇ ದೋಷ ಇದೆ ಅಂತಾಯ್ತಲ್ಲ?

ಸಾಲ್ಫರ್ಡ್_ಸೋನೆ
ದೋಷ ಇಲ್ಲ ಅಂತ ಯಾರಂದ್ರು? ಹೊಗಳಿಕೆಗೆ ಯೋಗ್ಯನಾ ಅಂತ ಕೇಳಿದ್ದು. ಸಮ್ನರ್‌ಗೆ ಆಗ 59 ವರ್ಷ. ಹಳೇ ಹಾಡನ್ನೇ ಹಾಡ್ಕೊಂಡು ಊರೂರು ಸುತ್ತಿದ್ರೆ ಯಾರೂ ಕೇಳ್ತಿರಲಿಲ್ಲ, ದುಡ್ಡೂ ಬರ್ತಿತ್ತು. ಅದನ್ನ ಬಿಟ್ಟು ಸ್ಟುಡಿಯೊದಲ್ಲಿ ಕೂತು ‘ಪ್ಲಾಸ್ಟಿಕ್’ ಮಾಡಿದ್ರಲ್ಲ.

ಸೆಕೆಂಡ್‌ಹ್ಯಾಂಡ್_ಶಾಸ್ತ್ರಿ
ನೋಡಿದ್ರಾ, ಮತ್ತೆ ವಯಸ್ಸಿಗೇ ಬಂದ್ರಿ. ಗ್ರೇಸ್ ಮಾರ್ಕ್ಸ್ ಅಂತ ನಾನು ಅಂದಿದ್ದು ಇದನ್ನೇ. 59 ವರ್ಷದೋನ ಹಾಡು ಅಂತ ಗೊತ್ತಿಲ್ಲದೇ ಇದ್ದಿದ್ರೆ?

ಚಿಲಿಪಿಲಿ_ಸಿಂತ್
ನಮ್ಮ ಸಿಂತ್ ಕ್ಲಾಸಿಗೆ ಬರೋ ಪಿಯುಸಿ ಹುಡುಗಿಗೆ ಹೆಸರು ಹೇಳದೇ ‘ಸಿಂಗ್ಯುಲಾರಿಟಿ’ ಹಾಕಿದ್ದೆ. ಜಾಯ್ ಡಿವಿಷನ್ ಅಂದ್ರೆ ಅವಳಿಗೆ ಟೀ ಶರ್ಟ್ ಮೇಲಿನ ಬಿಳಿ ಗೆರೆಗಳ ಚಿತ್ರ ಅಷ್ಟೇ. ಎರಡು ಸಲ ಕೇಳಿದಳು. “ಮಿಸ್, ಈ ಬಾಸ್ ನುಡಿಸೋರು ಯಾರು, ಸೂಪರ್” ಅಂದ್ಲು.

@ನಾಲ್ಕನೇ_ತಂತಿ, ಓದಿದ್ರಾ?

ನಾಲ್ಕನೇ_ತಂತಿ
ಓದಿದೆ. ಪಿಯುಸಿ ಹುಡುಗಿಗೆ ‘ಏಜ್ ಆಫ್ ಕನ್ಸೆಂಟ್’ ಹಾಕಿ, ಆಮೇಲೆ ಮಾತಾಡೋಣ.

ಚಿಲಿಪಿಲಿ_ಸಿಂತ್
ಅದನ್ನೂ ಹಾಕ್ದೆ. ಅದೂ ಸೂಪರ್ ಅಂದ್ಲು. ಇಬ್ಬರೂ ಒಬ್ಬರೇನಾ ಅಂತ ಕೇಳಿದಳು.

ಪೇಡಾ_ಪಾಪ್
ಅಯ್ಯೋ, ತಂತಿ ಅವರು ಇವತ್ತ ಊಟ ಮಾಡೂದಿಲ್ಲ.

ಸೆಕೆಂಡ್‌ಹ್ಯಾಂಡ್_ಶಾಸ್ತ್ರಿ
ಸೋನೆಯವರ ಮಾತು ಕೇಳಿ ನಿನ್ನೆ ರಾತ್ರಿ ಮೂರನೇ ಸೈಡಿಂದ ಶುರು ಮಾಡಿದೆ. ‘ಅಕಾಡೆಮಿಕ್’ ಮೊದಲ ಸಲ ನೆಟ್ಟಗೆ ಕಿವಿಗೆ ಬಿತ್ತು. ಗಿಟಾರ್ ಝಣ ಝಣ ಅಂತ ಹೋಗುತ್ತಲ್ಲ, 1986ರ ‘ಬ್ರದರ್‌ಹುಡ್’ ಕಾಲದ್ದು ಅನ್ನಿಸ್ತು. ಎರಡು ಸಲ ಮುಳ್ಳು ಎತ್ತಿ ಹಿಂದಕ್ಕಿಟ್ಟೆ. ಮೊದಲ ಸಲ ಇದು ಬರ್ತಿದ್ದಾಗ ನಾನು ಅಡುಗೆಮನೇಲಿ ಡಿಕಾಕ್ಷನ್ ಇಳಿಯೋದು ಕಾಯ್ತಾ ಇದ್ದೆ.

‘ದ ಗೇಮ್’ ಈಗಲೂ ಬೇಡ. ‘ಸೂಪರ್‌ಹೀಟೆಡ್’ಗೆ ಈಗಲೂ ಎದ್ದು ಹೋದೆ, ಆದ್ರೆ ಕಾಫಿಗಲ್ಲ, ಮಲಗೋಕೆ. 11ರಲ್ಲಿ 7 ಹಾಡು ನನ್ನ ಲೆಕ್ಕ. ‘ಟೆಕ್ನಿಕ್’ ಆದ್ಮೇಲೆ ಇದೇ ಅನ್ನೋ ಮಾತಿಗೆ ಇನ್ನೂ ಸಹಿ ಹಾಕಲ್ಲ. 1993ರ ‘ರಿಪಬ್ಲಿಕ್’ ಇನ್ನೊಂದು ಸಲ ಕೇಳಬೇಕು.

ಕ್ಯಾಸೆಟ್_ಕಾಕಾ
‘ರಿಪಬ್ಲಿಕ್’ ಕೇಳಬೇಡಿ. ‘ರಿಗ್ರೆಟ್’ ಒಂದು ಕೇಳಿ ಎದ್ದುಬಿಡಿ.

ನಾಲ್ಕನೇ_ತಂತಿ
ಕಾಕಾ ಮಾತಿಗೆ ನಂದೂ ಸಹಿ. ‘ರಿಗ್ರೆಟ್’ ಬಾಸ್ ನುಡಿಸಿರೋದು ಯಾರು ಅಂತ ಎಲ್ಲರಿಗೂ ನೆನಪಿರಲಿ.

ಬರೇ_ಓದುವವ
ಶಾಸ್ತ್ರಿಗಳೇ, ಹೇಗಿದ್ರೂ ನಾಲ್ಕು ಹಾಡು ನಿಮಗೆ ಬೇಡ, ಕವರ್ ಮೂಲೆ ಬೇರೆ ಉಬ್ಬಿದೆ. ಎಷ್ಟಕ್ಕೆ ಕೊಡ್ತೀರಾ?

ಸೆಕೆಂಡ್‌ಹ್ಯಾಂಡ್_ಶಾಸ್ತ್ರಿ
ಕೊಡಲ್ಲ. ಮೂಲೆ ನೆಟ್ಟಗಾಗಲಿ ಅಂತ ರತ್ನಕೋಶ ನಿಘಂಟು ಹೇರಿ ಇಟ್ಟಿದೀನಿ.